ಕಾವಲಿನ ಹಸುಗಳ ತಾಯಿಸಾಲು

ಹೊಸದುರ್ಗದ ಕಾವಲಿನಲ್ಲಿ, ಅಂದರೆ ದನಕ್ಕಾಗಿ ಕಾದಿಟ್ಟ ಹುಲ್ಲುಗಾವಲಿನಲ್ಲಿ, ಮೇಯುವ ಹಸುವಿಗೆ ಕುದುರೆಗಿಂತ ಅರಬ್ಬಿ ಸಮುದ್ರದ ಡಾಲ್ಫಿನ್ ಹತ್ತಿರದ ನಂಟು. ಕೇಳಿದೊಡನೆ ನಂಬುವಂಥ ಮಾತಲ್ಲ. ಹಸುವಿಗೂ ಕುದುರೆಗೂ ಗೊರಸಿದೆ, ಎರಡೂ ಹುಲ್ಲು ಮೇಯುತ್ತವೆ, ಎರಡೂ ಬಯಲಿನ ಪ್ರಾಣಿಗಳು. ಡಾಲ್ಫಿನ್‌ಗೆ ಹಿಂಗಾಲೇ ಇಲ್ಲ. ಆದರೂ ಜೀವವಿಜ್ಞಾನಿಗಳು ಇವತ್ತು ದನ, ಜಿಂಕೆ, ಹಂದಿ, ನೀರಾನೆ, ತಿಮಿಂಗಿಲ, ಡಾಲ್ಫಿನ್ ಎಲ್ಲವನ್ನೂ ಒಂದೇ ಗಣದಲ್ಲಿ ಇಟ್ಟು, ಕುದುರೆಯನ್ನು ಹೊರಗೆ ನಿಲ್ಲಿಸಿದ್ದಾರೆ. 1990ರ ದಶಕದಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎ ಓದಿದವರು ಈ ನಂಟನ್ನು ಗಟ್ಟಿಯಾಗಿ ಹೇಳತೊಡಗಿದರು. 1997ರಲ್ಲಿ ಜಪಾನಿನ ನೊರಿಹಿರೊ ಒಕಾದ ಅವರ ತಂಡ ಕೋಶಕೇಂದ್ರದ ಡಿಎನ್‌ಎಯಲ್ಲೂ ಅದೇ ಸಾಕ್ಷ್ಯ ತೋರಿಸಿತು. ಹತ್ತು ವರ್ಷ ಕಳೆದು, 2007ರಲ್ಲಿ, ಜಮ್ಮುವಿನ ಕಾಲಾಕೋಟ್‌ನ ಬಂಡೆಗಳಿಂದ ಭೂವಿಜ್ಞಾನಿ ರಂಗರಾವ್ ಹಿಂದೆಂದೋ ಸಂಗ್ರಹಿಸಿದ್ದ ಮೂಳೆಗಳ ಆಧಾರದಲ್ಲಿ ಇಂಡೋಹೈಯಸ್ ಎಂಬ ಪುಟ್ಟ ಗೊರಸಿನ ಪ್ರಾಣಿ ತಿಮಿಂಗಿಲ ಕುಲದ ಅತಿ ಹತ್ತಿರದ ಬಂಧುವೆಂದು ಗುರುತಿಸಲಾಯಿತು. ಸುಮಾರು 4.8 ಕೋಟಿ ವರ್ಷ ಹಳೆಯ ಮೂಳೆಗಳು ಅವು.

ಚಿತ್ರದುರ್ಗ ಜಿಲ್ಲೆಗೆ ಸಮುದ್ರವಿಲ್ಲ. ವೇದಾವತಿ ವರ್ಷವಿಡೀ ಹರಿಯುವ ನದಿಯೂ ಅಲ್ಲ. ಹಾಗಿದ್ದೂ ಡಾಲ್ಫಿನ್ ವಂಶಾವಳಿ ಬಿಡಿಸಿದವರು ಕಂಡುಕೊಂಡ ಒಂದು ಸಂಗತಿ ನಮ್ಮ ದನಗಳ ವಿಚಾರದಲ್ಲಿ ತುರ್ತಾಗಿ ಬೇಕಾಗಿದೆ. ಅಮೃತ ಮಹಲ್ ತಳಿಯನ್ನು ಉಳಿಸುವ ಮಾತು ಬಂದಾಗಲೆಲ್ಲ ನಾವು ಹೋರಿಯ ಬಗ್ಗೆ, ಹೋರಿಯ ವೀರ್ಯದ ಬಗ್ಗೆ ಮಾತಾಡುತ್ತೇವೆ. ಹಸುವಿನ ಸಾಲು ಲೆಕ್ಕಕ್ಕೇ ಬರುವುದಿಲ್ಲ. ಇದು ಅರೆಬರೆ ಕೆಲಸವೆಂದೂ, ಕಾವಲು ಉಳಿಯದೆ ಹಸುವಿನ ಸಾಲು ಉಳಿಯದೆಂದೂ ನನ್ನ ವಾದ.

ಮೊದಲು ಮೈಟೊಕಾಂಡ್ರಿಯದ ವಿಷಯ. ಪ್ರಾಣಿಯ ಪ್ರತಿ ಜೀವಕೋಶದಲ್ಲೂ ಎರಡು ಕಡೆ ಡಿಎನ್‌ಎ ಇರುತ್ತದೆ. ಬಹುಪಾಲು ಕೋಶಕೇಂದ್ರದಲ್ಲಿ, ಇದರಲ್ಲಿ ಅರ್ಧ ತಾಯಿಯದು, ಅರ್ಧ ತಂದೆಯದು. ಇನ್ನೊಂದು ಚಿಕ್ಕ ಪಾಲು ಮೈಟೊಕಾಂಡ್ರಿಯಗಳ ಒಳಗೆ. ತಿಂದ ಮೇವನ್ನು ದೇಹದ ಕಸುವಾಗಿ ಮಾರ್ಪಡಿಸುವ ಅಂಗಕಗಳು ಇವು. ದನದ ಮೈಟೊಕಾಂಡ್ರಿಯ ಡಿಎನ್‌ಎಯನ್ನು 1982ರಲ್ಲೇ ಪೂರ್ತಿ ಓದಲಾಗಿದೆ: 16,338 ಅಕ್ಷರಗಳು, 37 ವಂಶವಾಹಿಗಳು. ಕರುವಿಗೆ ಇದು ತಾಯಿಯಿಂದ ಮಾತ್ರ ಬರುತ್ತದೆ. ವೀರ್ಯಾಣುವಿನ ಬಾಲದ ಬುಡದಲ್ಲೂ ಮೈಟೊಕಾಂಡ್ರಿಯಗಳು ಇರುತ್ತವೆ, ಅವು ಅಂಡಾಣುವಿನ ಒಳಕ್ಕೂ ಹೋಗುತ್ತವೆ. ಆದರೆ ಅಂಡಾಣು ಅವನ್ನು ಗುರುತು ಹಿಡಿದು ನಾಶ ಮಾಡುತ್ತದೆ. 1999ರಲ್ಲಿ ಪೀಟರ್ ಸುಟೊವ್‌ಸ್ಕಿ ಮತ್ತು ಸಂಗಡಿಗರು ಇದರ ಬಗೆಯನ್ನು ತೋರಿಸಿಕೊಟ್ಟದ್ದು ದನದ ಭ್ರೂಣಗಳಲ್ಲೇ: ವೀರ್ಯಾಣುವಿನ ಮೈಟೊಕಾಂಡ್ರಿಯಗಳಿಗೆ ಯುಬಿಕ್ವಿಟಿನ್ ಎಂಬ ಪ್ರೋಟೀನಿನ ಮುದ್ರೆ ಬಿದ್ದಿರುತ್ತದೆ, ಆ ಮುದ್ರೆ ಇದ್ದದ್ದನ್ನು ಕೋಶ ಕರಗಿಸಿಬಿಡುತ್ತದೆ.

ನಮ್ಮ ಸೀಮೆಯ ಕಾಡುಗೊಲ್ಲರಲ್ಲಿ, ಮ್ಯಾಸಬೇಡರಲ್ಲಿ ಬೆಡಗು, ಅಂದರೆ ಕುಲದ ಕವಲು, ತಂದೆಯಿಂದ ಮಕ್ಕಳಿಗೆ ಇಳಿಯುತ್ತದೆ. ಗಂಡಾಗಲಿ ಹೆಣ್ಣಾಗಲಿ ಹುಟ್ಟುವುದು ತಂದೆಯ ಬೆಡಗಿನಲ್ಲೇ, ಮುಂದೆ ಸಾಗಿಸುವುದು ಮಾತ್ರ ಗಂಡು. ಮೈಟೊಕಾಂಡ್ರಿಯ ಇದರ ತಿರುವುಮುರುವು: ಗಂಡು ಕರುವಿಗೂ ಹೆಣ್ಣು ಕರುವಿಗೂ ಸಿಗುವುದು ತಾಯಿಯದೇ ಸಾಲು, ಮುಂದೆ ಒಯ್ಯುವುದು ಹೆಣ್ಣು ಕರು ಮಾತ್ರ. ರೊಪ್ಪದಲ್ಲಿ ಎಷ್ಟೇ ಗಟ್ಟಿ ಹೋರಿ ಇರಲಿ, ಅದರ ಮೈಟೊಕಾಂಡ್ರಿಯ ಅದರೊಂದಿಗೇ ಮುಗಿಯುತ್ತದೆ.

ಈ ಒಂದೇ ಸಾಲನ್ನು ಹಿಡಿದು ಬಹಳ ಹಿಂದಕ್ಕೆ ಹೋಗಬಹುದು. 1994ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ರೋನನ್ ಲಾಫ್ಟಸ್, ಡೇನಿಯಲ್ ಬ್ರಾಡ್ಲಿ ಮುಂತಾದವರು ಯುರೋಪ್, ಆಫ್ರಿಕ ಮತ್ತು ಭಾರತದ ದನಗಳ ಮೈಟೊಕಾಂಡ್ರಿಯಗಳನ್ನು ಹೋಲಿಸಿ ನೋಡಿದರು. ಭಾರತದ ಡುಬ್ಬದ ದನಗಳ ಸಾಲು ಯುರೋಪಿನ ದನಗಳ ಸಾಲಿನಿಂದ ಬೇರೆಯಾಗಿ ಕಡಿಮೆಯೆಂದರೂ 2 ಲಕ್ಷ ವರ್ಷ ಆಗಿದೆ ಎಂದು ಲೆಕ್ಕ ಸಿಕ್ಕಿತು. ಮನುಷ್ಯ ದನ ಸಾಕತೊಡಗಿದ್ದು ಸುಮಾರು 10,000 ವರ್ಷಗಳ ಈಚೆಗೆ. ಅಂದರೆ ಪಶ್ಚಿಮ ಏಷ್ಯದಲ್ಲಿ ಪಳಗಿದ ದನ ನಡೆದುಬಂದು ಇಲ್ಲಿ ಡುಬ್ಬ ಬೆಳೆಸಿಕೊಳ್ಳಲಿಲ್ಲ. ಇಲ್ಲಿಯ ಕಾಡುದನವನ್ನು ಇಲ್ಲಿಯವರೇ ಪಳಗಿಸಿದರು. 2010ರಲ್ಲಿ ಇನ್ನೂ ದೊಡ್ಡದೊಂದು ಅಧ್ಯಯನ ಡುಬ್ಬದ ದನಗಳಲ್ಲಿ ಎರಡು ಮುಖ್ಯ ತಾಯಿಕವಲುಗಳನ್ನು ಗುರುತಿಸಿ, ಎರಡೂ ದಕ್ಷಿಣ ಏಷ್ಯದ ಸೊತ್ತು ಎಂದಿತು.

ಈ ಕಥೆಯ ನೆಲದ ಪುರಾವೆ ನಮ್ಮಲ್ಲೂ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಜನ ಅಶೋಕನ ಶಾಸನಕ್ಕಾಗಿ ನೆನೆಯುತ್ತಾರೆ. ಆದರೆ 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ಶಾಸನಕ್ಕಿಂತ ಬಹು ಹಿಂದಿನ, ಕಲ್ಲುಕೊಡಲಿಯ ಕಾಲದ ನೆಲೆ ಕಂಡಿತು. ಅಲ್ಲಿಂದ ಉತ್ತರಕ್ಕೆ ಬಳ್ಳಾರಿಯ ಕುಡತಿನಿ, ಕುಪ್ಪಗಲ್ಲು, ಸುರಪುರದ ಕಡೆಯ ಬೂದಿಹಾಳದವರೆಗೆ ಬೂದಿದಿಬ್ಬಗಳು ಸಿಗುತ್ತವೆ. ಸಾವಿರಾರು ದನಗಳ ಸಗಣಿ ಕೂಡಿ, ಮತ್ತೆಮತ್ತೆ ಸುಟ್ಟು ಆದ ದಿಬ್ಬಗಳು ಅವು. ರೊಪ್ಪ ಕಟ್ಟಿ ದನ ಕೂಡುವ ಬದುಕು ಈ ಬಯಲಿನಲ್ಲಿ 4,000 ವರ್ಷಕ್ಕೂ ಹಳೆಯದು. ಕಾಡುಗೊಲ್ಲರ ಜುಂಜಪ್ಪನ ಕಾವ್ಯ ಹಾಡುವವರು ಇಂದಿಗೂ ಆ ಬದುಕಿನ ವಾರಸುದಾರರು.

ಅಮೃತ ಮಹಲ್ ಎಂಬ ತಳಿ ಮಾತ್ರ ಇದಕ್ಕೆ ಹೋಲಿಸಿದರೆ ನಿನ್ನೆ ಮೊನ್ನೆಯದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 17ನೆಯ ಶತಮಾನದ ಕೊನೆಯಲ್ಲಿ, ಅರಮನೆಯ ದನಗಳಿಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಹೈದರಾಲಿ ಅದನ್ನು ಸೈನ್ಯದ ಸಾಗಾಟಕ್ಕೆ ಹೂಡಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು ಕಟ್ಟಳೆ ಮಾಡಿದ. ಬೇಸಗೆಗೆ ಒಂದು, ಮಳೆಗೆ ಒಂದು, ಚಳಿಗೆ ಒಂದು ಎಂದು ಕಾವಲುಗಳನ್ನು ವಿಂಗಡಿಸಿ ಮಂದೆ ಓಡಾಡಿಸುವ ಏರ್ಪಾಟಿತ್ತು. ಈ ದನಗಳಲ್ಲಿ ಮೊದಲು ಮೂರು ಬಗೆ ಇದ್ದವು: ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ. ಇವನ್ನು ಒಂದು ಕಾಲದಲ್ಲಿ ಬೇರೆಬೇರೆಯಾಗಿಯೇ ಸಾಕುತ್ತಿದ್ದರು. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲೆಂದು ಮಂದೆಗಳನ್ನು ಮಾರಿಹಾಕಿದರು. ತಪ್ಪು ಬೇಗನೇ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಿದಾಗ ಮೂರು ಬಗೆಗಳೂ ಬೆರೆತವು. ಇಂದು ಅಮೃತ ಮಹಲ್ ಎನ್ನುವುದು ಆ ಬೆರಕೆಯ ಸಂತಾನ. ಚಿತ್ರದುರ್ಗದ ದನ ಎಂಬ ಹೆಸರು ದಾಖಲೆಯಿಂದ ಹೋಯಿತು. ಹಸುಗಳ ತಾಯಿಸಾಲುಗಳು ಮಾತ್ರ ಒಂದರೊಳಗೊಂದು ಕರಗುವಂಥವಲ್ಲ. ಹೆಣ್ಣು ಕರು ಹುಟ್ಟುತ್ತ ಹೋದ ಕಡೆಯೆಲ್ಲ ಅವು ಹಾಗೇ ಉಳಿದಿರುತ್ತವೆ.

ಇಲ್ಲಿ ಡಾಲ್ಫಿನ್‌ಗಳ ಪಾಠ ಬೇಕಾಗುತ್ತದೆ. ಅಟ್ಲಾಂಟಿಕ್ ಸಾಗರದಲ್ಲಿ ಕ್ಲೈಮಿನಿ ಎಂಬ ಡಾಲ್ಫಿನ್ ಇದೆ. ನೋಟದಲ್ಲಿ, ನಡವಳಿಕೆಯಲ್ಲಿ ಅದು ನೀರಿನ ಮೇಲೆ ಚಿಮ್ಮಿ ಗಿರಕಿ ಹೊಡೆಯುವ ಸ್ಪಿನ್ನರ್ ಡಾಲ್ಫಿನ್‌ನಂತೆ. ಆದರೆ ಅದರ ಮೈಟೊಕಾಂಡ್ರಿಯ ಪಟ್ಟೆ ಡಾಲ್ಫಿನ್‌ಗೆ ಹತ್ತಿರ. 2014ರಲ್ಲಿ ಅನಾ ಅಮರಲ್ ಮತ್ತು ಸಂಗಡಿಗರು ಮೈಟೊಕಾಂಡ್ರಿಯವನ್ನೂ ಕೋಶಕೇಂದ್ರದ ಡಿಎನ್‌ಎಯನ್ನೂ ಒಟ್ಟಿಗೆ ಓದಿ, ಸ್ಪಿನ್ನರ್ ಮತ್ತು ಪಟ್ಟೆ ಡಾಲ್ಫಿನ್‌ಗಳ ಬೆರಕೆಯಿಂದಲೇ ಈ ಪ್ರಭೇದ ಹುಟ್ಟಿತೆಂದು ವಾದಿಸಿದರು. ಮೈಟೊಕಾಂಡ್ರಿಯವನ್ನಷ್ಟೇ ಓದಿದ್ದರೆ ಒಂದು ಉತ್ತರ, ಕೋಶಕೇಂದ್ರವನ್ನಷ್ಟೇ ಓದಿದ್ದರೆ ಇನ್ನೊಂದು. ಎರಡೂ ನಿಜ, ಒಂದೊಂದೇ ತೆಗೆದುಕೊಂಡರೆ ಎರಡೂ ಅಪೂರ್ಣ.

ದನಗಳಲ್ಲೂ ಹೀಗೇ ಆಗಿದೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಆಫ್ರಿಕದ ಡುಬ್ಬದ ದನಗಳನ್ನು ನೋಡಿದರೆ ನಮ್ಮವೇ ಅನ್ನಿಸುತ್ತವೆ. ಆದರೆ ಅವುಗಳ ಮೈಟೊಕಾಂಡ್ರಿಯ ಡುಬ್ಬವಿಲ್ಲದ ದನಗಳದು. ಭಾರತದ ಕಡೆಯಿಂದ ಅಲ್ಲಿಗೆ ಹೋದದ್ದು ಮುಖ್ಯವಾಗಿ ಹೋರಿಗಳು. ತಲೆಮಾರುಗಳ ಮೇಲೆ ತಲೆಮಾರು ಅಲ್ಲಿಯ ಹಸುಗಳ ಮೇಲೆ ಈ ಹೋರಿಗಳ ರಕ್ತ ಬಂದು ರೂಪವೆಲ್ಲ ಬದಲಾಯಿತು, ತಾಯಿಸಾಲು ಉಳಿಯಿತು. ಬ್ರೆಜಿಲ್‌ಗೆ ಹೋದ ಒಂಗೋಲು ದನ ಅಲ್ಲಿ ನೆಲೋರ್ ಎಂದು ಹೆಸರಾಗಿ ಕೋಟಿಗಟ್ಟಲೆ ಬೆಳೆದಿದೆ. 1999ರಲ್ಲಿ ಅಲ್ಲಿಯ ವಿಜ್ಞಾನಿಗಳು ಪರೀಕ್ಷಿಸಿದಾಗ ಹಲವು ನೆಲೋರ್‌ಗಳಲ್ಲಿ ಯುರೋಪಿನ ದನದ ಮೈಟೊಕಾಂಡ್ರಿಯ ಸಿಕ್ಕಿತು. ಹಡಗು ಹತ್ತಿದ ಹಸುಗಳು ಕಡಿಮೆ. ಆಗಲೇ ಅಲ್ಲಿದ್ದ ಹಸುಗಳೇ ಬಸಿರು ಹೊತ್ತವು.

ಈಗ ನಮ್ಮ ಸಂರಕ್ಷಣೆಯ ಪದ್ಧತಿಯನ್ನು ಇದರ ಬೆಳಕಿನಲ್ಲಿ ನೋಡಬೇಕು. ಅಳಿವಿನ ಅಂಚಿಗೆ ಬಂದ ತಳಿಯೆಂದರೆ ಮೊದಲು ಮಾಡುವ ಕೆಲಸ ಆಯ್ದ ಹೋರಿಗಳ ವೀರ್ಯವನ್ನು ನಳಿಕೆಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿಡುವುದು. ಇದು ಬೇಡವೆಂದು ನಾನು ಹೇಳುವುದಿಲ್ಲ. ಸುಲಭ, ಅಗ್ಗ, ದಶಕಗಟ್ಟಲೆ ಕೆಡದೆ ಉಳಿಯುತ್ತದೆ. ಆದರೆ ಆ ನಳಿಕೆಯಿಂದ ತಳಿಯನ್ನು ಮರಳಿ ಕಟ್ಟಬೇಕಾದ ದಿನ ಬಂತೆನ್ನಿ. ಅಂದು ಅಮೃತ ಮಹಲ್ ಹಸು ಇಲ್ಲದಿದ್ದರೆ ಬೇರೆ ಯಾವುದೋ ಹಸುವಿಗೆ ಆ ವೀರ್ಯ ಕೊಡಬೇಕು. ಮೊದಲ ಕರುವಿನಲ್ಲಿ ಅರ್ಧ ಅಮೃತ ಮಹಲ್, ಅದರ ಮಗಳಲ್ಲಿ ಮುಕ್ಕಾಲು, ಹೀಗೆ ಐದನೆಯ ತಲೆಮಾರಿಗೆ ಕೋಶಕೇಂದ್ರದ ಡಿಎನ್‌ಎ ಸುಮಾರು ಶೇ 97 ಅಮೃತ ಮಹಲ್ ಆಗುತ್ತದೆ. ಮೈಟೊಕಾಂಡ್ರಿಯ ಮಾತ್ರ ಐದನೆಯದರಲ್ಲೂ ಐವತ್ತನೆಯದರಲ್ಲೂ ಪೂರಾ ಆ ಮೊದಲ ಹಸುವಿನದೇ. ಎಷ್ಟು ಸಾವಿರ ನಳಿಕೆ ಕೂಡಿಟ್ಟರೂ ಈ ಲೆಕ್ಕ ಬದಲಾಗದು.

ಹೊಸ ತಂತ್ರಜ್ಞಾನ ಇದನ್ನು ಸರಿಪಡಿಸುತ್ತದೆ ಎನ್ನುವವರಿದ್ದಾರೆ. 2023ರ ಮಾರ್ಚ್‌ನಲ್ಲಿ ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ ಗಂಗಾ ಎಂಬ ಗಿರ್ ಕರು ತದ್ರೂಪಿಯಾಗಿ ಹುಟ್ಟಿತು. ಸಾಧನೆ ದೊಡ್ಡದು, ಅನುಮಾನವಿಲ್ಲ. ಆದರೆ ಅದರಲ್ಲಿ ಕೋಶ ಗಿರ್ ಹಸುವಿನದು, ಅಂಡಾಣು ಸಾಹಿವಾಲ್ ಹಸುವಿನದು, ಬಸಿರು ಹೊತ್ತದ್ದು ಮಿಶ್ರತಳಿಯ ಹಸು. ತದ್ರೂಪಿ ಕರುವಿನ ಮೈಟೊಕಾಂಡ್ರಿಯ ಬಹುಮಟ್ಟಿಗೆ ಅಂಡಾಣುವಿನಿಂದಲೇ ಬರುತ್ತದೆ. ಹಾಗಾಗಿ ಪ್ರಯೋಗಾಲಯದಲ್ಲೂ ತಾಯಿಸಾಲು ಬೇಕೆಂದರೆ ಆ ಸಾಲಿನ ಹಸುವಿನ ಅಂಡಾಣುವೇ ಬೇಕು. ಅಂಡಾಣು ಬೇಕೆಂದರೆ ಹಸು ಬದುಕಿರಬೇಕು, ಇಲ್ಲವೇ ಅವಳು ಬದುಕಿದ್ದಾಗಲೇ ತೆಗೆದು ಕಾಪಿಟ್ಟಿರಬೇಕು.

ಇದಕ್ಕೆ ಒಂದು ಬಲವಾದ ಎದುರುವಾದವಿದೆ, ಅದನ್ನು ತಳ್ಳಿಹಾಕಬಾರದು. ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರಿನ ಹಳ್ಳಿಗಳಲ್ಲಿ ಇಂದು ಡೇರಿಗೆ ಹಾಲು ಹಾಕುವ ಸೀಮೆಹಸುಗಳು ಹುಟ್ಟಿದ್ದು ಹೇಗೆ? ಹಾಲ್‌ಸ್ಟೀನ್, ಜೆರ್ಸಿ ಹೋರಿಗಳ ವೀರ್ಯವನ್ನು ಊರಿನ ನಾಟಿ ಹಸುಗಳಿಗೆ ಕೊಟ್ಟು. ಅಂದರೆ ಕಪ್ಪು ಬಿಳುಪು ಬಣ್ಣದ, ಡುಬ್ಬವಿಲ್ಲದ ಆ ಹಸುಗಳಲ್ಲಿ, ಮನೆಯಲ್ಲೇ ಹುಟ್ಟುತ್ತ ಬಂದವುಗಳ ಮಟ್ಟಿಗೆ, ಮೈಟೊಕಾಂಡ್ರಿಯ ನಾಟಿಯದೇ. ಬೂದಿದಿಬ್ಬದ ಕಾಲದ ತಾಯಿಸಾಲು ಈಗಲೂ ಸಿಮೆಂಟಿನ ಕೊಟ್ಟಿಗೆಯಲ್ಲಿ ನಿಂತು ಹಿಂಡಿ ತಿನ್ನುತ್ತಿರಬಹುದು. ಹಾಗಿದ್ದಮೇಲೆ ಕಾವಲಿನ ಹಸುವೇ ಏಕೆ ಬೇಕು?

ಮೊದಲನೆಯದಾಗಿ, ತಳಿ ಎಂಬುದು ಮೈಟೊಕಾಂಡ್ರಿಯದಲ್ಲಿ ಇಲ್ಲ. ಬಿಸಿಲು ತಾಳುವ ಚರ್ಮ, ಗಟ್ಟಿ ಗೊರಸು, ಒರಟು ಹುಲ್ಲಿನಲ್ಲೇ ಮೈ ಹಿಡಿಯುವ ಶಕ್ತಿ, ಹಿಂದಕ್ಕೆ ಬಾಗಿ ಚೂಪಾಗುವ ಕೊಂಬು, ಇವೆಲ್ಲ ಬಹುಪಾಲು ಕೋಶಕೇಂದ್ರದ ನೂರಾರು ವಂಶವಾಹಿಗಳ ಕೂಡುಕೆಲಸ. ನಾಟಿಯ ಗುಣವೆಲ್ಲ ತಾಯಿಸಾಲಿನಲ್ಲೇ ಅಡಗಿದೆ ಎನ್ನುವವರ ಮಾತಿಗೆ ವಿಜ್ಞಾನದ ಆಧಾರವಿಲ್ಲ. ಎರಡನೆಯದಾಗಿ, ಮೈಟೊಕಾಂಡ್ರಿಯದ ಡಿಎನ್‌ಎ ಒಂಟಿಯಾಗಿ ದುಡಿಯುವುದಿಲ್ಲ. ಕಸುವು ತಯಾರಿಸುವ ಯಂತ್ರದ 13 ಪ್ರೋಟೀನುಗಳಿಗೆ ಮಾತ್ರ ಅದು ಸೂತ್ರ ಕೊಡುತ್ತದೆ. ಅದೇ ಯಂತ್ರದ ಉಳಿದ ಹತ್ತಾರು ಭಾಗಗಳ ಸೂತ್ರ ಕೋಶಕೇಂದ್ರದಲ್ಲಿದೆ. ಎರಡೂ ಹೊಂದಿಕೊಂಡು ಕೆಲಸ ಮಾಡಬೇಕು. ಈ ಹೊಂದಿಕೆ ಒಂದೇ ಮಂದೆಯಲ್ಲಿ ಸಾವಿರಾರು ವರ್ಷ ಕೂಡಿ ಬಾಳಿದ್ದರಿಂದ ಬಂದಿರಬಹುದು. ಸೀಮೆಹಸುವಿನಲ್ಲಿ ಅದರ ಅರ್ಧ ಉಳಿದಿದೆ, ನಳಿಕೆಯಲ್ಲಿ ಇನ್ನರ್ಧ ಉಳಿದಿದೆ. ಎರಡೂ ಒಟ್ಟಿಗಿರುವುದು ಕಾವಲಿನ ಹಸುವಿನಲ್ಲಿ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡಬೇಕು. ತಾಯಿಸಾಲಿನ ಪರೀಕ್ಷೆಯನ್ನು ಶುದ್ಧತೆಯ ಸರ್ಟಿಫಿಕೇಟ್ ಮಾಡಿಕೊಳ್ಳುವ ಹಂಬಲ ನಮ್ಮಲ್ಲಿ ಬೇಗ ಹುಟ್ಟುತ್ತದೆ, ದನದ ವಿಷಯದಲ್ಲೂ ಜಾತಿಯ ವಿಷಯದಲ್ಲೂ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಂದು ಹಸುವಿಗೆ 1,024 ಪೂರ್ವಜರ ಸ್ಥಾನಗಳಿರುತ್ತವೆ. ಮೈಟೊಕಾಂಡ್ರಿಯ ಅವುಗಳಲ್ಲಿ ಒಂದೇ ಒಂದರ ಮಾತು ಹೇಳುತ್ತದೆ. ಉಳಿದ 1,023ರ ಬಗ್ಗೆ ಅದು ಮೂಕ. ಅಮೃತ ಮಹಲ್ ಹಸುವನ್ನೂ ಹಳ್ಳಿಕಾರ್ ಹಸುವನ್ನೂ ತಾಯಿಸಾಲು ನೋಡಿ ಬೇರ್ಪಡಿಸಲು ಆಗದು, ಏಕೆಂದರೆ ಆ ಸಾಲುಗಳು ಸಾವಿರಾರು ವರ್ಷ ಹಳೆಯವು, ತಳಿಗಳ ಹೆಸರು ಕೆಲವು ನೂರು ವರ್ಷದ್ದು. ನಾನು ತಾಯಿಸಾಲು ಉಳಿಸಿ ಎನ್ನುವುದು ವೈವಿಧ್ಯ ಉಳಿಯಲೆಂದು. ಮೂರು ಬಗೆಯ ದನ ಬೆರೆತು ಆದ ತಳಿಗೆ ಶುದ್ಧ ರಕ್ತದ ಹೆಮ್ಮೆ ಯಾರೂ ಕಟ್ಟಬೇಕಾಗಿಲ್ಲ.

ತಾಯಿಸಾಲು ಎಷ್ಟು ಬೇಗ ಅಳಿಯುತ್ತದೆಂದು ಜನರಿಗೆ ಅಂದಾಜಿಲ್ಲ. ಏರದ ಇಳಿಯದ ಒಂದು ಮಂದೆಯಲ್ಲಿ 100 ಹಸುಗಳಿವೆ, ಸರಾಸರಿ ಒಂದೊಂದಕ್ಕೆ ಒಂದು ಹೆಣ್ಣು ಕರು ಬದುಕಿ ಹಸುವಾಗುತ್ತದೆ ಎಂದಿಟ್ಟುಕೊಳ್ಳೋಣ. ಯಾವ ಹಸುವಿಗೆ ಎಷ್ಟು ಎನ್ನುವುದು ಅದೃಷ್ಟಕ್ಕೆ ಬಿಟ್ಟದ್ದು. ಸಂಭಾವ್ಯತೆಯ ಲೆಕ್ಕದಂತೆ ಮೊದಲ ತಲೆಮಾರಿನಲ್ಲೇ ಸುಮಾರು 37 ಹಸುಗಳ ಸಾಲು ಮುಗಿಯುತ್ತದೆ, ಎರಡನೆಯದರ ಹೊತ್ತಿಗೆ 53, ಮೂರನೆಯದಕ್ಕೆ 63. ದನದ ಎಣಿಕೆ ಒಂದೂ ಕಡಿಮೆಯಾಗಿರುವುದಿಲ್ಲ, ಸಾಲುಗಳು ಮಾತ್ರ ಮೂರರಲ್ಲಿ ಒಂದರಷ್ಟಕ್ಕೆ ಬಂದಿರುತ್ತವೆ. ಮಂದೆ ದೊಡ್ಡದಿದ್ದು ಒಂದೇ ಸಾಲಿನ ಬಹಳ ಹಸುಗಳಿದ್ದರೆ ಆ ಸಾಲು ತಡೆದುಕೊಳ್ಳುತ್ತದೆ. ಕುಗ್ಗುತ್ತಿರುವ ಮಂದೆಯಲ್ಲಿ ಸವೆತ ಇದಕ್ಕಿಂತ ಎಷ್ಟೋ ಬಿರುಸು. ತಳಿಗಣತಿಯ ತಲೆಯೆಣಿಕೆಯಲ್ಲಿ ಇದು ಕಾಣಿಸುವುದೇ ಇಲ್ಲ.

ಮಂದೆ ಕುಗ್ಗಿದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅಮೃತ ಮಹಲ್ ಹಸು ಹಾಲಿಗಲ್ಲ. ಅದರ ಹಾಲೆಲ್ಲ ಕರುವಿಗೆ. ಅದರ ಬೆಲೆ ನಿಂತಿದ್ದು ಎತ್ತಿನ ಮೇಲೆ. ಟ್ರ್ಯಾಕ್ಟರ್ ಬಂತು, ಲಾರಿ ಬಂತು. ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಅಡಿಕೆ ತೆಂಗಿನ ತೋಟ ಹಬ್ಬಿತು. ಎತ್ತಿನ ಗಿರಾಕಿ ಕಡಿಮೆಯಾದೊಡನೆ ಎತ್ತನ್ನು ಹೆರುವ ಹಸುವಿಗೂ ಮನೆಯಲ್ಲಿ ಜಾಗ ಹೋಯಿತು. ರೈತರನ್ನು ಇದಕ್ಕಾಗಿ ದೂರುವುದು ಅನ್ಯಾಯ.

ಆದರೆ ಕಾವಲು ಸರ್ಕಾರದ ನೆಲ. ಅಲ್ಲಿ ಆದದ್ದು ಮಾರುಕಟ್ಟೆಯಿಂದ ಆದದ್ದಲ್ಲ. ನಾಲ್ಕು ಲಕ್ಷ ಎಕರೆಯಷ್ಟಿತ್ತೆನ್ನುವ ಕಾವಲುಗಳಲ್ಲಿ ಬಹುಪಾಲು ಸಾಗುವಳಿಗೆ, ನೆಡುತೋಪಿಗೆ, ಯೋಜನೆಗಳಿಗೆ ಹೋಗಿದೆ. ಪಕ್ಕದ ಚಳ್ಳಕೆರೆಯ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಕುರಿಗಾಹಿಗಳು, ದನಗಾಹಿಗಳು ಹಸಿರು ನ್ಯಾಯಪೀಠದವರೆಗೆ ಹೋದರು. ಹುಲ್ಲುಗಾವಲನ್ನು ‘ಬಂಜರು’ ಎಂದು ಕಡತದಲ್ಲಿ ಬರೆದ ಕೈಗೆ ಅಲ್ಲಿ ಒಂದು ಜೀವರಾಶಿ ಕಂಡಿರಲಿಲ್ಲ. ಹೊಸದುರ್ಗದ ನೆರೆಯ ಕಡೂರು ಸೀಮೆಯ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಕ್ಕಾಗಿ ಸಂರಕ್ಷಣಾ ಮೀಸಲು ಮಾಡಿದ್ದು ಒಳ್ಳೆಯ ಕೆಲಸ. ಕೃಷ್ಣಮೃಗ ಅಲ್ಲಿ ಉಳಿದಿದ್ದೇ ದನಕ್ಕಾಗಿ ಕಾದಿಟ್ಟ ಹುಲ್ಲಿನಿಂದ.

ಸರ್ಕಾರಕ್ಕಿಂತ ಮೊದಲು ತಾಯಿಸಾಲು ಕಾಯ್ದವರು ಬೇರೆಯೇ ಇದ್ದಾರೆ. ಮ್ಯಾಸಬೇಡರ ಹಟ್ಟಿಗಳಲ್ಲಿ ಹಸು ಕರುಗಳೂ ಕೂಡಿದ ದೇವರ ಎತ್ತುಗಳ ಮಂದೆಗಳಿವೆ. ಅವನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ; ಕಿಲಾರಿಗಳು ಅವನ್ನು ಕಾಯುತ್ತಾರೆ. ಬರ ಬಂದಾಗ ಮೇವಿಗಾಗಿ ಅವರು ಪಡುವ ಪಾಡು ಜಿಲ್ಲೆಯ ಪತ್ರಿಕೆಗಳಲ್ಲಿ ವರ್ಷ ವರ್ಷ ಬರುತ್ತದೆ. ಭಕ್ತಿಯ ವಿಷಯವೆಂದು ಪಶುಸಂಗೋಪನೆಯ ಯೋಜನೆಗಳು ಈ ಮಂದೆಗಳನ್ನು ಪಕ್ಕಕ್ಕಿಟ್ಟಿವೆ. ಆದರೆ ಹೆಣ್ಣು ಕರುವನ್ನು ಹೊರಗೆ ಮಾರದ ಮಂದೆಯೇ ತಾಯಿಸಾಲು ಉಳಿಯಲು ಅತ್ಯಂತ ಅನುಕೂಲವಾದ ಜಾಗ. ಅಜ್ಜಂಪುರದ ಅಮೃತ ಮಹಲ್ ತಳಿ ಕೇಂದ್ರಕ್ಕೆ ಸಿಗುವಂಥದೇ ಮೇವು, ಪಶುವೈದ್ಯ, ನೀರು ಈ ಮಂದೆಗಳಿಗೂ ಸಿಗಬೇಕು. ಕಿಲಾರಿಯ ದುಡಿಮೆಗೆ ಸಂಬಳ ಗೊತ್ತಾಗಬೇಕು.

ಉಳಿದದ್ದು ಹೆಚ್ಚು ಖರ್ಚಿಲ್ಲದ ಕೆಲಸ. ಮೈಟೊಕಾಂಡ್ರಿಯ ಡಿಎನ್‌ಎ ಓದಲು ರಕ್ತ ಬೇಡ, ಬಾಲದ ನಾಲ್ಕು ಕೂದಲು ಸಾಕು. ಅಜ್ಜಂಪುರದ ಹಸುಗಳು, ಉಳಿದ ಕಾವಲುಗಳ ಮಂದೆಗಳು, ದೇವರ ದನಗಳು, ಹಿರಿಯೂರು ಹೊಸದುರ್ಗದ ಹಟ್ಟಿಗಳಲ್ಲಿ ಮನೆಯಲ್ಲೇ ಹುಟ್ಟಿದ ನಾಟಿ ಮತ್ತು ಸೀಮೆಹಸುಗಳು, ಇಷ್ಟರಿಂದ ಕೂದಲು ತೆಗೆದು ಓದಿದರೆ ಯಾವ ಸಾಲು ಎಲ್ಲಿದೆ, ಯಾವುದು ಒಂದೆರಡು ಹಸುಗಳಿಗೆ ಇಳಿದಿದೆ ಎಂಬ ಪಟ್ಟಿ ಸಿಗುತ್ತದೆ. ಅಪರೂಪದ ಸಾಲಿನ ಹಸುವಿನ ಅಂಡಾಣು, ಭ್ರೂಣಗಳನ್ನು ವೀರ್ಯದ ನಳಿಕೆಗಳ ಪಕ್ಕದಲ್ಲೇ ಇಡಬಹುದು. ದನಗಳ ಕಿವಿಗೆ 12 ಅಂಕಿಯ ಹಳದಿ ಬಿಲ್ಲೆ ಹಾಕುವ ಏರ್ಪಾಟು ಈಗಾಗಲೇ ಇದೆ. ಹೆಣ್ಣು ಕರುವಿಗೆ ಬಿಲ್ಲೆ ಹಾಕುವಾಗ ಹೋರಿಯ ನಂಬರಿನ ಜೊತೆ ತಾಯಿಯ ನಂಬರನ್ನೂ ತಪ್ಪದೆ ಬರೆಯಬೇಕು. ಮುಂದಿನ ಬರಗಾಲದಲ್ಲಿ ಗೋಶಾಲೆ ತೆರೆದಾಗ ಯಾವ ಹಸುವನ್ನು ಮೊದಲು ಉಳಿಸಿಕೊಳ್ಳಬೇಕೆಂದು ಹೇಳಲು ಆ ಪಟ್ಟಿ ಬೇಕಾಗುತ್ತದೆ.